ಓದುಗರ ಪ್ರಶ್ನೆ: ಹೊಟ್ಟೆಗೆ ಬ್ಯಾಗ್ ಬಂದ ಮೇಲೆ ವಾಕಿಂಗ್, ಯೋಗ, ಹೊಲದ ಕೆಲಸ

ಕರುಳಿಗೋ ಮೂತ್ರಕೋಶಕ್ಕೋ ದೊಡ್ಡ ಆಪರೇಷನ್ ಆದಾಗ ಕೆಲವರಿಗೆ ಮಲವೋ ಮೂತ್ರವೋ ಹೊರಬರಲು ಹೊಟ್ಟೆಯ ಮೇಲೆ ಹೊಸ ದಾರಿ ಮಾಡುತ್ತಾರೆ. ಅದೇ ಸ್ಟೋಮಾ. ಹೊರಬಂದದ್ದನ್ನು ಹಿಡಿಯಲು ಅದರ ಮೇಲೆ ಅಂಟಿಸುವ ಚೀಲವೇ ಬ್ಯಾಗ್. ದೊಡ್ಡ ಕರುಳನ್ನು ಹೊರತಂದರೆ ಕೊಲೊಸ್ಟೊಮಿ, ಸಣ್ಣ ಕರುಳಾದರೆ ಇಲಿಯೊಸ್ಟೊಮಿ, ಮೂತ್ರಕ್ಕಾದರೆ ಯುರೊಸ್ಟೊಮಿ. ಈ ಬಗ್ಗೆ ಮೈಸೂರು, ಮಂಡ್ಯ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಕೇಳಿರುವುದು ಒಂದೇ ಮಾತು: ಇನ್ನು ಮೈ ದಂಡಿಸಬಹುದೇ? ಕೆಲವನ್ನು ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಗುದನಾಳದ ಕ್ಯಾನ್ಸರಿಗೆ ಆಪರೇಷನ್ ಆಗಿ ಐದು ವಾರವಾಯಿತು. ಗುದದ್ವಾರ ಮುಚ್ಚಿ ಎಡಗಡೆ ಕಾಯಂ ಬ್ಯಾಗ್ ಹಾಕಿದ್ದಾರೆ. ವಯಸ್ಸು 52. ಕಬ್ಬು, ಭತ್ತ, ಎರಡು ಹಸು ಇವೆ. ಮನೆಯಾಕೆ "ಮೂರು ತಿಂಗಳು ಅಲ್ಲಾಡಬೇಡಿ" ಎಂದು ಮಂಚದಿಂದ ಇಳಿಯಲು ಬಿಡುತ್ತಿಲ್ಲ. ಅಳಿಯ "ಮಾವ, ಮಲಗಿದ್ರೆ ಇನ್ನೂ ಕೆಡ್ತೀರಿ" ಅನ್ನುತ್ತಾನೆ. ಯಾರ ಮಾತು ಕೇಳಲಿ? ಹೊಲಕ್ಕೆ ಯಾವಾಗ ಇಳಿಯಲಿ?
— ಹೆಸರು ಬೇಡ, ಮದ್ದೂರು ತಾಲ್ಲೂಕು

ಉತ್ತರ: ಇಬ್ಬರದೂ ಅರ್ಧರ್ಧ ಸರಿ. ಮೂರು ತಿಂಗಳ ಲೆಕ್ಕ ಇರುವುದು ಭಾರಕ್ಕೆ, ನಡಿಗೆಗಲ್ಲ. ನಡಿಗೆ ಆಸ್ಪತ್ರೆಯಲ್ಲಿ ಆಪರೇಷನ್ನಿನ ಮಾರನೆ ದಿನವೇ ಶುರುವಾಗಬೇಕಾದದ್ದು. ಮಲಗಿಯೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಎದೆಯಲ್ಲಿ ಕಫ ಕಟ್ಟುತ್ತದೆ, ತೊಡೆಯ ಮಾಂಸ ಕರಗುತ್ತದೆ. ನಾವು ಕಾಣುವ ತೊಂದರೆಗಳಲ್ಲಿ ಕೆಟ್ಟದ್ದು ಯಾವುದು ಗೊತ್ತೇ? ತೊಂಬತ್ತು ದಿನ ಅಲ್ಲಾಡದೆ ಮಲಗಿ, ತೊಂಬತ್ತೊಂದನೆಯ ದಿನ ಎದ್ದು ಯೂರಿಯಾ ಮೂಟೆಗೆ ಕೈ ಹಾಕುವುದು.

ಭಾರ ಏಕೆ ಬೇಡ ಎಂದು ತಿಳಿದರೆ ಉಳಿದದ್ದೆಲ್ಲ ನಿಮಗೇ ಹೊಳೆಯುತ್ತದೆ. ಹೊಟ್ಟೆಯ ಮುಂಭಾಗ ಮಾಂಸಖಂಡದ ಗೋಡೆ. ಕರುಳನ್ನು ಹೊರತರಲು ಆ ಗೋಡೆಯಲ್ಲಿ ಸುಮಾರು ಎರಡು ಬೆರಳು ಹಿಡಿಯುವಷ್ಟು ಕಿಂಡಿ ಮಾಡಿರುತ್ತಾರೆ. ಮಲ ಸಾಗಬೇಕಲ್ಲ, ಹಾಗಾಗಿ ಅದನ್ನು ಬಿಗಿಯಾಗಿ ಹೊಲಿಯುವಂತಿಲ್ಲ. ಹೊಟ್ಟೆಯೊಳಗೆ ಒತ್ತಡ ಏರಿದಾಗಲೆಲ್ಲ ಒಳಗಿನ ಕರುಳು ಆ ಕಿಂಡಿಯ ಪಕ್ಕದಲ್ಲೇ ತೂರಲು ನೋಡುತ್ತದೆ. ತೂರಿ ಉಬ್ಬಿದರೆ ಅದೇ ಸ್ಟೋಮಾ ಪಕ್ಕದ ಹರ್ನಿಯಾ. ಒತ್ತಡ ಏರಿಸುವುದು ಮೂಟೆ ಒಂದೇ ಅಲ್ಲ. ಬೀಡಿ ಕೆಮ್ಮು, ಮುಕ್ಕುವುದು, ಮಂಚದಿಂದ ನೆಟ್ಟಗೆ ಎದ್ದು ಕೂರುವುದು, ಗಾಡಿಯ ಕಿಕ್ಕರ್ ಒದೆಯುವುದು, ಉಸಿರು ಬಿಗಿಹಿಡಿದು ಮಾಡುವ ಯಾವ ಕೆಲಸವಾದರೂ ಅಷ್ಟೇ.

ಆದ್ದರಿಂದ ಮೊದಲು ಮಂಚದಿಂದ ಏಳುವುದನ್ನು ಸರಿಮಾಡಿಕೊಳ್ಳಿ. ಮೊಣಕಾಲು ಮಡಿಸಿ, ಮೈಯನ್ನು ಒಂದೇ ದಿಮ್ಮಿಯಂತೆ ಮಗ್ಗುಲಿಗೆ ಹೊರಳಿಸಿ, ಎರಡೂ ಕಾಲು ಅಂಚಿನಿಂದ ಇಳಿಬಿಟ್ಟು, ಕೈಯೂರಿ ಎದ್ದು ಕೂರಿ. ಕೆಮ್ಮು, ಸೀನು ಬಂದರೆ ಬ್ಯಾಗಿನ ಮೇಲೆ ಅಂಗೈ ಇಟ್ಟು ಅಥವಾ ಸಣ್ಣ ದಿಂಬು ಹಿಡಿದು ಮೆತ್ತಗೆ ಒತ್ತಿಕೊಳ್ಳಿ. ಬೀಡಿ ಇದ್ದರೆ ಬಿಡಿ. ಇದು ಉಪದೇಶವಲ್ಲ: ಒಂದು ದಿನದ ಕೆಮ್ಮು ಹೊಟ್ಟೆಯ ಗೋಡೆಗೆ ಕೊಡುವ ಗುದ್ದು ಎಷ್ಟೋ ಕೊಡಪಾನ ಎತ್ತುವುದಕ್ಕೆ ಸಮ.

ನಡಿಗೆ ಇಲ್ಲಿಯವರೆಗೆ ಶುರುವಾಗಿಲ್ಲದಿದ್ದರೆ ಇಂದೇ ಅಂಗಳದಲ್ಲಿ 5–10 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ ನಡೆಯಿರಿ. ಎರಡು ದಿನಕ್ಕೊಮ್ಮೆ ಎರಡು ಮೂರು ನಿಮಿಷ ಕೂಡಿಸುತ್ತಾ ಹೋಗಿ, ಒಂದೇ ಬಾರಿಗೆ 30 ನಿಮಿಷ ನಡೆಯುವ ಮಟ್ಟಕ್ಕೆ ಬನ್ನಿ. ನಡೆಯುತ್ತಾ ಮಾತಾಡಲು ಆಗಬೇಕು. ಮಾತಿನ ಮಧ್ಯೆ ಏದುಸಿರು ಬಂದರೆ ವೇಗ ಹೆಚ್ಚಾಯಿತು. ಗದ್ದೆಯ ಬದು ಸದ್ಯಕ್ಕೆ ಬೇಡ. ಕಾಲು ಜಾರಿದಾಗ ಬೀಳುವುದಕ್ಕಿಂತ, ಬೀಳದಿರಲು ಹೊಟ್ಟೆ ಸರಕ್ಕನೆ ಬಿಗಿಯುತ್ತದಲ್ಲ, ಅದು ಕೆಡುಕು. ನಾಲೆ ಏರಿಯೋ ಊರಿನ ಡಾಂಬರು ರಸ್ತೆಯೋ ವಾಸಿ.

ಜೊತೆಗೆ ಮೂರು ವ್ಯಾಯಾಮ. ನಿಮ್ಮ ಸರ್ಜನ್ ಬೇಡ ಎಂದಿಲ್ಲದಿದ್ದರೆ ಇವನ್ನು ಮೊದಲ ಒಂದೆರಡು ವಾರದಲ್ಲೇ ಮಾಡಿಸುತ್ತಾರೆ. ಅಂಗಾತ ಮಲಗಿ, ಮೊಣಕಾಲು ಮಡಿಸಿ, ಪಾದ ಊರಿ. ಮೂಗಿನಿಂದ ಉಸಿರು ಒಳಗೆ. ಬಿಡುವಾಗ ಹೊಕ್ಕುಳಿನ ಕೆಳಭಾಗವನ್ನು ಬೆನ್ನಿನ ಕಡೆಗೆ ಮೆಲ್ಲಗೆ ಎಳೆದುಕೊಳ್ಳಿ. ಪೂರ್ತಿ ಬಲ ಹಾಕಬೇಡಿ, ಕಾಲುಭಾಗ ಸಾಕು. ಉಸಿರಾಡುತ್ತಲೇ ಮೂರರಿಂದ ಐದು ಎಣಿಸಿ ಬಿಡಿ. ಎರಡನೆಯದು, ಅದೇ ಭಂಗಿಯಲ್ಲಿ ಸೊಂಟದ ಹಿಂದಿನ ಪೊಳ್ಳು ಜಾಗವನ್ನು ಹಾಸಿಗೆಗೆ ಒತ್ತಿ ಮೂರು ಎಣಿಸುವುದು. ಮೂರನೆಯದು, ಎರಡೂ ಮೊಣಕಾಲು ಜೋಡಿಸಿ ಎಡಕ್ಕೆ, ಬಲಕ್ಕೆ ನಿಧಾನ ವಾಲಿಸುವುದು, ನೋವಿಲ್ಲದಷ್ಟು ಮಾತ್ರ. ಒಂದೊಂದು ಐದು ಸಲ, ದಿನಕ್ಕೆ ಮೂರು ಹೊತ್ತು, ಮುಂದೆ ಹತ್ತಕ್ಕೆ ಏರಿಸಿ. ಮಾಡುವಾಗ ಹೊಟ್ಟೆಯ ನಡುಗೆರೆ ಮೀನಿನ ಬೆನ್ನಿನಂತೆ ಎದ್ದು ನಿಂತರೆ ಬಲ ಹೆಚ್ಚಾಯಿತೆಂದು ಅರ್ಥ. ಬಸ್ಕಿ, ದಂಡ, ಎರಡು ಕಾಲೂ ಒಟ್ಟಿಗೆ ಎತ್ತುವುದು, ಮಲಗಿದಲ್ಲಿಂದ ಮೈ ಎತ್ತುವುದು ಮೂರು ತಿಂಗಳು ಬೇಡವೇ ಬೇಡ.

ಈಗ ತೂಕದ ಲೆಕ್ಕ. ಮೊದಲ ಆರು ವಾರ 2–3 ಕೆ.ಜಿ., ಅಂದರೆ ಎರಡು ಲೀಟರ್ ಹಾಲಿನ ಕ್ಯಾನ್. ಆರರಿಂದ ಹನ್ನೆರಡು ವಾರ ಸುಮಾರು 5 ಕೆ.ಜಿ. ಆಮೇಲೆ ವಾರವಾರ ಸ್ವಲ್ಪ ಸ್ವಲ್ಪ. ನಮ್ಮ ಕಡೆಯ ಭಾರಗಳನ್ನು ಇದರ ಪಕ್ಕ ಇಟ್ಟು ನೋಡಿ: ತುಂಬಿದ ಬಿಂದಿಗೆ 12–15 ಕೆ.ಜಿ., ಕುಡಿಯುವ ನೀರಿನ ಕ್ಯಾನ್ 20, ಬೆನ್ನಿಗೆ ಹಾಕಿ ಔಷಧಿ ಹೊಡೆಯುವ 16 ಲೀಟರಿನ ಟ್ಯಾಂಕ್ ತುಂಬಿದರೆ 20ರ ಹತ್ತಿರ, ಗ್ಯಾಸ್ ಸಿಲಿಂಡರ್ ಸುಮಾರು 30, ಯೂರಿಯಾ ಮೂಟೆ 45, ಡಿಎಪಿ 50. ಮೂಟೆ ಹೊರುವುದನ್ನು ಇನ್ನು ಮುಂದೆ ಅಳಿಯನಿಗೆ ಬಿಟ್ಟುಬಿಡಿ ಎಂಬುದೇ ನಮ್ಮ ಅಭಿಪ್ರಾಯ. ಹೊರಲೇಬೇಕಾದವರು ಅರ್ಧ ಅರ್ಧ ಮಾಡಿ, ಮೈಗೆ ತಾಗಿಸಿ ಹಿಡಿದು, ಸೊಂಟ ಬಗ್ಗಿಸದೆ ಮೊಣಕಾಲು ಬಗ್ಗಿಸಿ, ಉಸಿರು ಬಿಡುತ್ತಾ ಎತ್ತಬೇಕು. ಎತ್ತುವಾಗ "ಹ್ಞುಂ" ಎಂದು ಉಸಿರು ಕಟ್ಟಿತೇ? ಆ ತೂಕ ನಿಮ್ಮದಲ್ಲ.

ಆರು ವಾರ ದಾಟಿ ಗಾಯ ಒಣಗಿದ್ದರೆ ಹೊಲಕ್ಕೆ ಹೋಗಿ, ನೀರು ತಿರುಗಿಸುವುದನ್ನು ನಿಂತು ನೋಡಿ, ಆಳುಗಳಿಗೆ ಹೇಳಿ. ಗುದ್ದಲಿ, ಕಬ್ಬು ಕಡಿಯುವುದು ಮೂರು ತಿಂಗಳಾದ ಮೇಲೆ, ಅದೂ ಮೊದಲ ವಾರ ದಿನಕ್ಕೆ ಅರ್ಧ ಗಂಟೆ. ಹಾಲು ಕರೆಯುವಾಗ ಕುಕ್ಕರಗಾಲಲ್ಲಿ ಕೂರುವುದರಿಂದ ಹೊಟ್ಟೆ ಮಡಿಸಿ ಬ್ಯಾಗ್ ಹಿಂಡಿದಂತಾಗುತ್ತದೆ. ಹಸುವಿನ ಒದೆ ಬೇರೆ. ಎತ್ತರದ ಸ್ಟೂಲ್ ಹಾಕಿಕೊಳ್ಳಿ, ಒದೆಯುವ ಹಸುವನ್ನು ಬೇರೆಯವರು ಕರೆಯಲಿ.

ನಿಮ್ಮದು ಹಿಂಭಾಗ ಹೊಲಿದಿರುವ ಆಪರೇಷನ್ ಆದ್ದರಿಂದ ಇನ್ನೊಂದು ಮಾತು. ಸೈಕಲ್ಲು, ಮೊಪೆಡ್ಡು ಆ ಗಾಯ ಪೂರ್ತಿ ಮಾಯುವವರೆಗೆ ಬೇಡ. ಮೂರು ತಿಂಗಳೂ ಹಿಡಿಯಬಹುದು. ಕೂರಲು ಮೆತ್ತನೆ ದಿಂಬು ಸಾಕು. ಮಧ್ಯೆ ತೂತಿರುವ ಗಾಳಿ ರಿಂಗ್ ಮೇಲೆ ಕೂತರೆ ಎರಡೂ ಕಡೆಯ ಚರ್ಮ ಎಳೆದು ಹೊಲಿಗೆ ಬಾಯಿಬಿಡಬಹುದು.

ಪ್ರಶ್ನೆ: ಅಲ್ಸರೇಟಿವ್ ಕೊಲೈಟಿಸ್‌ಗೆ (ದೊಡ್ಡ ಕರುಳಿನ ಒಳಗೆ ಹುಣ್ಣಾಗುವ ಕಾಯಿಲೆ) ದೊಡ್ಡ ಕರುಳು ತೆಗೆದು ಇಲಿಯೊಸ್ಟೊಮಿ ಮಾಡಿದ್ದಾರೆ, ನಾಲ್ಕು ತಿಂಗಳಾಯಿತು. ವಯಸ್ಸು 29. ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುತ್ತೇನೆ. ಮನೆಗೆ ಬಂದರೆ ತಲೆಸುತ್ತು, ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ. ನೀರು ಸಾಲುತ್ತಿಲ್ಲವೇನೋ ಎಂದು ದಿನಕ್ಕೆ ನಾಲ್ಕು ಲೀಟರ್ ಕುಡಿದೆ. ಬ್ಯಾಗ್ ಇನ್ನೂ ಬೇಗ ತುಂಬುತ್ತಿದೆ, ತಲೆಸುತ್ತು ಹೋಗಿಲ್ಲ.
— ಸರಸ್ವತಿಪುರಂ, ಮೈಸೂರು

ಉತ್ತರ: ನಿಮಗೆ ಕಡಿಮೆಯಾಗಿರುವುದು ನೀರಿನ ಜೊತೆಗೆ ಉಪ್ಪು. ಬರಿ ನೀರು ಹೆಚ್ಚಿದಷ್ಟೂ ಅದು ಇನ್ನೂ ಕಡಿಮೆಯಾಗುತ್ತದೆ.

ಮೈಯಲ್ಲಿ ನೀರನ್ನೂ ಉಪ್ಪನ್ನೂ ಕೊನೆಯದಾಗಿ ಹೀರಿಕೊಳ್ಳುವುದು ದೊಡ್ಡ ಕರುಳು. ಅದು ಇಲ್ಲವಾದಾಗ ಸಣ್ಣ ಕರುಳಿನಿಂದ ಹೊರಬೀಳುವ ಪ್ರತಿ ಲೀಟರ್ ದ್ರವದಲ್ಲಿ ಸುಮಾರು 100 ಮಿಲಿಮೋಲ್ ಸೋಡಿಯಂ, ಅಡುಗೆ ಉಪ್ಪಿನ ಲೆಕ್ಕದಲ್ಲಿ ಹತ್ತಿರಹತ್ತಿರ 6 ಗ್ರಾಂ, ಹೋಗಿಬಿಡುತ್ತದೆ. ಬರಿ ನೀರು ಕರುಳಿಗೆ ಇಳಿದಾಗ ಕರುಳಿನ ಗೋಡೆ ತನ್ನೊಳಗಿನ ಸೋಡಿಯಂ ಅನ್ನು ಆ ನೀರಿಗೆ ಬಿಟ್ಟುಕೊಡುತ್ತದೆ, ನೀರು ಅದನ್ನು ಹೊತ್ತು ಬ್ಯಾಗಿಗೆ ಬರುತ್ತದೆ. ನಾಲ್ಕು ಲೀಟರ್ ಕುಡಿದೂ ಬಾಯಾರುವುದು ಹೀಗೆ. ಇದರ ಮೇಲೆ ವಾಕಿಂಗಿನ ಬೆವರು.

ಮೊದಲು ಅಳತೆ. ಅಡುಗೆಮನೆಯದಲ್ಲದ, ಇದಕ್ಕೆಂದೇ ಇಟ್ಟ ಗೆರೆಯ ಜಗ್ಗಿನಲ್ಲಿ ಎರಡು ದಿನ ಬ್ಯಾಗ್ ಖಾಲಿ ಮಾಡುವಾಗಲೆಲ್ಲ ಅಳೆದು ಬರೆಯಿರಿ. ದಿನಕ್ಕೆ 500ರಿಂದ 800 ಮಿ.ಲೀ. ಸಾಮಾನ್ಯ, ಒಂದು ಲೀಟರ್‌ವರೆಗೆ ಅಡ್ಡಿಯಿಲ್ಲ. ಒಂದೂವರೆ ಲೀಟರ್ ದಾಟಿದ್ದರೆ ವಾಕಿಂಗ್ ನಿಲ್ಲಿಸಿ ನಿಮ್ಮ ಸರ್ಜನ್ನರ ಬಳಿ ಹೋಗಿ. ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ, ಕ್ರಿಯಾಟಿನಿನ್, ಜೊತೆಗೆ ಮೂತ್ರದ ಸೋಡಿಯಂ ನೋಡಬೇಕಾಗುತ್ತದೆ. ನಿಂತರೆ ಕಣ್ಣುಕತ್ತಲೆ ಬರುತ್ತಿದ್ದು, ಮೂತ್ರ ಟೀ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದ್ದರೆ ಅಳತೆಗೂ ಕಾಯಬೇಡಿ.

ಒಂದು ಲೀಟರ್‌ನೊಳಗೇ ಇದ್ದರೆ ಕುಡಿಯುವುದನ್ನು ಬದಲಿಸಿ ನೋಡಿ. ದಿನದ ಬರಿ ನೀರು ಒಂದು, ಒಂದೂವರೆ ಲೀಟರಿಗೆ ಇಳಿಸಿ, ಉಳಿದದ್ದು ಒಆರ್‌ಎಸ್. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದಿರಬೇಕು. ಅದರಲ್ಲಿ ಲೀಟರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ ಇರುತ್ತದೆ. ಹಣ್ಣಿನ ರುಚಿ ಹಾಕಿ ಡಬ್ಬಿಯಲ್ಲಿ ಮಾರುವ ಸಿಹಿ ಪಾನೀಯ ಬೇರೆ, ಇದು ಬೇರೆ. ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಚಿಕ್ಕದು 200 ಮಿ.ಲೀ.ಗೆ, ದೊಡ್ಡದನ್ನು ಒಂದು ಲೋಟಕ್ಕೆ ಸುರಿದರೆ ಭೇದಿ ಹೆಚ್ಚುತ್ತದೆ. ಪೊಟ್ಟಣ ಸಿಗದ ದಿನ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ತಲೆತಟ್ಟಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಸಕ್ಕರೆ ರುಚಿಗಲ್ಲ, ಕರುಳು ಉಪ್ಪನ್ನು ಒಳಗೆಳೆದುಕೊಳ್ಳುವುದು ಗ್ಲೂಕೋಸಿನ ಜೊತೆಯಲ್ಲೇ. ಬಿ.ಪಿ., ಹೃದಯ, ಕಿಡ್ನಿ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಉಪ್ಪು ಏರಿಸಬಾರದು.

ನಡೆಯಲು ಹೊರಡುವ ಅರ್ಧ ಗಂಟೆ ಮುಂಚೆ ಒಂದು ಲೋಟ ಒಆರ್‌ಎಸ್, ದಾರಿಯಲ್ಲಿ ಕಾಲು ಗಂಟೆಗೊಮ್ಮೆ ಎರಡು ಗುಟುಕು, ಬಂದ ಮೇಲೆ ಇನ್ನೊಂದು ಲೋಟ. ಮನೆಯಲ್ಲಿ ತೂಕದ ಯಂತ್ರವಿದ್ದರೆ ಬ್ಯಾಗ್ ಖಾಲಿ ಮಾಡಿ ಹೋಗುವ ಮುಂಚೆ, ಬಂದ ಮೇಲೆ ನಿಂತು ನೋಡಿ. ಅರ್ಧ ಕೆ.ಜಿ. ಇಳಿದಿದ್ದರೆ ಅರ್ಧ ಲೀಟರ್ ಹೋಗಿದೆ ಎಂದೇ ಲೆಕ್ಕ. ಕೆರೆಯ ಪೂರ್ತಿ ಸುತ್ತು ಸದ್ಯಕ್ಕೆ ಬಿಡಿ: ಹದಿನೈದು ನಿಮಿಷ ಹೋಗಿ, ಅದೇ ದಾರಿಯಲ್ಲಿ ಹಿಂದಿರುಗಿ. ಸುತ್ತಿನ ಆಚೆ ಬದಿಯಲ್ಲಿ ಸುಸ್ತಾದರೆ ಎತ್ತ ಬಂದರೂ ಅಷ್ಟೇ ದೂರ.

ಎಳನೀರಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಒಂದೆರಡು ಚಿಟಿಕೆ ಉಪ್ಪು ಬೆರೆಸಿ ಕುಡಿಯಿರಿ, ಒಳಗಿನ ಗಂಜಿ ಬಿಟ್ಟುಬಿಡಿ; ನಾರು ಸ್ಟೋಮಾದ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ. ಕಬ್ಬಿನ ಹಾಲು, ಪಾನಕ ವಾಕಿಂಗ್ ಆದ ಕೂಡಲೇ ಬೇಡ. ಅಷ್ಟು ಸಿಹಿ ಕರುಳಿಗೆ ನೀರನ್ನು ಎಳೆದು ತರುತ್ತದೆ. ಉಪ್ಪು ಹಾಕಿದ ಮಜ್ಜಿಗೆ, ಅಕ್ಕಿ ಗಂಜಿ, ರಾಗಿ ಅಂಬಲಿ ಒಳ್ಳೆಯವು. ಬಾಳೆಹಣ್ಣು, ಬೇಯಿಸಿದ ಆಲೂಗಡ್ಡೆ, ಮೆತ್ತನೆ ಅನ್ನ ಬ್ಯಾಗಿಗೆ ಬರುವುದನ್ನು ಗಟ್ಟಿ ಮಾಡುತ್ತವೆ.

ಪ್ರಶ್ನೆ: ಹನ್ನೆರಡು ವರ್ಷದಿಂದ ಯೋಗ ಮಾಡುತ್ತಿದ್ದೆ. ಕೊಲೊಸ್ಟೊಮಿಯಾಗಿ ಎರಡು ತಿಂಗಳು. ಯಾವ ಆಸನ ಮಾಡಬಹುದು, ಯಾವುದು ಕೂಡದು?
— ಗೋಕುಲಂ, ಮೈಸೂರು

ಉತ್ತರ: ಯೋಗ ಮೆತ್ತನೆಯ ವ್ಯಾಯಾಮ ಎಂಬ ನಂಬಿಕೆ ಇಲ್ಲಿ ಅಪಾಯಕಾರಿ. ನಿಮ್ಮ ಬಡಾವಣೆಯಲ್ಲಿ ಹೆಚ್ಚು ನಡೆಯುವ ಅಷ್ಟಾಂಗ ವಿನ್ಯಾಸದ ಮೊದಲ ಸರಣಿಯನ್ನೇ ನೋಡಿ: ಕೂತು ಕಾಲೆತ್ತಿ ಮೈಯನ್ನು ದೋಣಿಯಂತೆ ಹಿಡಿಯುವ ನಾವಾಸನ ಒಂದಲ್ಲ, ಐದು ಸಲ. ಪ್ರತಿ ಆಸನದ ನಡುವೆ ಕೈಯೂರಿ ಮೈಯೆತ್ತಿ ಹಾರುವುದು. ಹೊಟ್ಟೆಯ ಗೋಡೆಗೆ ಇದು ಮೂಟೆ ಹೊತ್ತಂತೆಯೇ.

ಎರಡು ತಿಂಗಳಲ್ಲಿ ತಾಡಾಸನ, ವೃಕ್ಷಾಸನ, ಗೋಡೆ ಹಿಡಿದು ನಿಂತು ಮಾಡುವವು, ಮೊಣಕಾಲು ಅಂಗೈ ಊರಿದ ಮಾರ್ಜರಿ ಆಸನ, ಸೊಂಟವನ್ನು ಅರ್ಧಕ್ಕಷ್ಟೇ ಎತ್ತುವ ಸೇತುಬಂಧ, ಶವಾಸನ ಸಾಕು. ಅನುಲೋಮ ವಿಲೋಮ ಮಾಡಿ, ಆದರೆ ಉಸಿರು ಕಟ್ಟುವ ಕುಂಭಕ ಬಿಡಿ. ಮೂರು ತಿಂಗಳಾದ ಮೇಲೆ ಸೂರ್ಯನಮಸ್ಕಾರವನ್ನು ಹಾರದೆ, ಒಂದೊಂದೇ ಕಾಲು ಹಿಂದಿಟ್ಟು ಮಾಡಬಹುದು. ಭುಜಂಗಾಸನ ಮೊಣಕೈ ಊರಿ, ತಗ್ಗಾಗಿ. ಬ್ಯಾಗ್ ಒತ್ತದಂತೆ ಎದೆಯಡಿ ಒಂದು, ತೊಡೆಯಡಿ ಒಂದು ಮಡಿಸಿದ ಕಂಬಳಿ.

ಮಯೂರಾಸನ ಇನ್ನು ಮುಂದೆ ಮರೆತುಬಿಡಿ. ಎರಡೂ ಮೊಣಕೈ ಹೊಟ್ಟೆಗೆ ನಾಟಿ ಇಡೀ ಮೈಭಾರ ಅದರ ಮೇಲೆ ನಿಲ್ಲುತ್ತದೆ. ನೌಲಿ, ಉಡ್ಡಿಯಾನ, ಕಪಾಲಭಾತಿ, ಭಸ್ತ್ರಿಕಾ ಕೂಡ ಬೇಡ. ಧನುರಾಸನ, ನಾವಾಸನಗಳನ್ನು ವರ್ಷ ಕಳೆದ ಮೇಲೆ ಫಿಸಿಯೋಥೆರಪಿಸ್ಟ್ ನೋಡಿ ಹೇಳಿದರೆ ಮಾತ್ರ. ಸರ್ವಾಂಗಾಸನ, ಹಲಾಸನದಲ್ಲಿ ಬೇರೆ ತೊಡಕು: ಬ್ಯಾಗಿನಲ್ಲಿದ್ದದ್ದು ತಿರುಗಿ ಸ್ಟೋಮಾದ ಸುತ್ತ ನಿಂತು ಅಂಟನ್ನು ಕರಗಿಸುತ್ತದೆ. ಉಪ್ಪುನೀರು ಕುಡಿದು ಹೊಟ್ಟೆ ತೊಳೆಯುವ ಶಂಖಪ್ರಕ್ಷಾಲನ ಯಾವ ಸ್ಟೋಮಾ ಇದ್ದವರಿಗೂ ಬೇಡ. ಇಲಿಯೊಸ್ಟೊಮಿಯವರು ಅದರಿಂದ ಆಸ್ಪತ್ರೆ ಸೇರಬೇಕಾದೀತು.

ಗುರುಗಳಿಗೆ ಮೊದಲೇ ಹೇಳಿ. ಬೆನ್ನು ಒತ್ತಿ, ಮೈ ತಿರುಗಿಸಿ ಆಸನ ಸರಿಪಡಿಸುವುದು ನಿಮಗೆ ಬೇಡ. ಒಬ್ಬೊಬ್ಬರು ತಮ್ಮ ಗತಿಯಲ್ಲಿ ಮಾಡುವ ಮೈಸೂರು ಪದ್ಧತಿಯ ತರಗತಿಯಲ್ಲಿ ಅರ್ಧ ಆಸನಗಳನ್ನು ಬಿಟ್ಟರೂ ಯಾರೂ ತಿರುಗಿ ನೋಡುವುದಿಲ್ಲ, ಅದೊಂದು ಅನುಕೂಲ.

ಪ್ರಶ್ನೆ: ಷಟಲ್ ಆಡಲು ಶುರುಮಾಡಿದ್ದೇನೆ. ಅರ್ಧ ಗಂಟೆಗೆ ಬೆವರಿ ಬ್ಯಾಗಿನ ಅಂಚು ಏಳುತ್ತದೆ. ಎರಡು ಸಲ ಕೋರ್ಟಿನಲ್ಲೇ ಸೋರಿ ಮರ್ಯಾದೆ ಹೋಯಿತು.
— ಮಂಡ್ಯ ಪಟ್ಟಣ

ಉತ್ತರ: ಬೆವರಿನ ಮೇಲೆ ತಪ್ಪು ಹೊರಿಸುವ ಮುಂಚೆ, ತೆಗೆದ ಫ್ಲಾಂಜನ್ನು (ಬ್ಯಾಗನ್ನು ಚರ್ಮಕ್ಕೆ ಹಿಡಿಸುವ ಅಂಟಿನ ಬಿಲ್ಲೆ) ಎಸೆಯದೆ ಬೆಳಕಿಗೆ ಹಿಡಿದು ಅದರ ಬೆನ್ನು ನೋಡಿ. ತೂತಿನ ಸುತ್ತ ಅಂಟು ಬೆಳ್ಳಗೆ ಊದಿ ಕರಗಿರುತ್ತದೆ. ಆ ಬಿಳಿ ಬಳೆ ಸುತ್ತಲೂ ಸಮನಾಗಿ ಅರ್ಧ ಸೆಂಟಿಮೀಟರ್ ಇದ್ದರೆ ಸರಿಯಾಗಿದೆ. ಒಂದು ಸೆಂಟಿಮೀಟರ್ ದಾಟಿದ್ದರೆ ಬದಲಿಸುವುದು ತಡವಾಗಿದೆ. ಮೂರು ದಿನಕ್ಕೊಮ್ಮೆ ಬದಲು ಎರಡು ದಿನಕ್ಕೊಮ್ಮೆ ಮಾಡಿ. ಒಂದೇ ಪಕ್ಕಕ್ಕೆ ನಾಲಗೆಯಂತೆ ಚಾಚಿದ್ದರೆ ಆ ಕಡೆ ಚರ್ಮದಲ್ಲಿ ಮಡಿಕೆಯೋ ತಗ್ಗೋ ಇದೆ. ಅಲ್ಲಿಗೆ ಸ್ಟೋಮಾ ಪೇಸ್ಟ್ ಅಥವಾ ರಿಂಗ್ ಬೇಕು. ಹೊರ ಅಂಚು ಮಾತ್ರ ಎದ್ದು ಒಳಗೆಲ್ಲ ಗಟ್ಟಿಯಾಗಿದ್ದರೆ ಆಗ ಅದು ನಿಜವಾಗಿ ಬೆವರು. ಅಂಚಿನ ಮೇಲೆ ಅಂಟಿಸುವ ಅರ್ಧಚಂದ್ರಾಕಾರದ ಪಟ್ಟಿಗಳು ಸಿಗುತ್ತವೆ, ಅವು ಸಾಕು.

ಫ್ಲಾಂಜಿನ ತೂತು ಕತ್ತರಿಸುವ ಅಳತೆಯನ್ನೂ ನೋಡಿಕೊಳ್ಳಿ. ಸ್ಟೋಮಾ ಮೊದಲ ಆರೆಂಟು ವಾರದಲ್ಲಿ ಕುಗ್ಗುತ್ತದೆ. ಆಸ್ಪತ್ರೆಯಲ್ಲಿ ಕೊಟ್ಟ ಹಳೆಯ ಅಚ್ಚಿನಲ್ಲೇ ಕತ್ತರಿಸುತ್ತಿದ್ದರೆ ಸುತ್ತ ಬರಿ ಚರ್ಮ ಉಳಿದು, ಅಲ್ಲಿಂದಲೇ ಸೋರಿಕೆ ಶುರು. ಅಳತೆ ಕಾರ್ಡಿನಿಂದ ಮತ್ತೆ ಅಳೆದು, ಸ್ಟೋಮಾಕ್ಕಿಂತ 2–3 ಮಿ.ಮೀ. ಮಾತ್ರ ದೊಡ್ಡದಾಗಿ ಕತ್ತರಿಸಿ. ಚರ್ಮ ತೊಳೆಯಲು ಬರಿ ನೀರು. ಎಣ್ಣೆ ಸ್ನಾನ ಮಾಡಿದ ದಿನ ಅಂಟು ನಿಲ್ಲುವುದಿಲ್ಲ. ಪೌಡರ್, ಕ್ರೀಮ್ ಹಚ್ಚಿದರೂ ಅಷ್ಟೇ. ಪೂರ್ತಿ ಒಣಗಿಸಿ, ಫ್ಲಾಂಜನ್ನು ಎರಡು ಅಂಗೈ ನಡುವೆ ಒಂದು ನಿಮಿಷ ಬೆಚ್ಚಗಾಗಿಸಿ, ಅಂಟಿಸಿದ ಮೇಲೆ ಇನ್ನೊಂದು ನಿಮಿಷ ಅಂಗೈ ಒತ್ತಿ ಹಿಡಿಯಿರಿ. ಆಡುವುದು ಒಂದು ಗಂಟೆ ಬಿಟ್ಟು.

ಬ್ಯಾಗ್ ಮೂರನೇ ಒಂದು ಭಾಗ ತುಂಬುವ ಮೊದಲೇ ಖಾಲಿ ಮಾಡಿ. ಕುಣಿದಾಗ ಭಾರದ ಬ್ಯಾಗೇ ಫ್ಲಾಂಜನ್ನು ಕೆಳಗೆ ಜಗ್ಗುವುದು. ಬ್ಯಾಗ್ ಬೆಲ್ಟ್ ಹಾಕಿದರೆ ಎರಡು ಬೆರಳು ತೂರುವಷ್ಟು ಸಡಿಲವಿರಲಿ. ಸ್ಟೋಮಾದ ಮೇಲೆ ಹಾಯುವ ಉಡಿದಾರ, ಪ್ಯಾಂಟಿನ ಬೆಲ್ಟು, ಹೆಂಗಸರಿಗಾದರೆ ಲಂಗದ ಲಾಡಿ, ಮೂರೂ ಕೆಟ್ಟವು. ಸ್ಟೋಮಾಕ್ಕೆ ನೋವು ತಿಳಿಯುವ ನರ ಇಲ್ಲವಾದ್ದರಿಂದ ದಾರ ಕೊಯ್ದರೂ ನಿಮಗೆ ಗೊತ್ತಾಗುವುದು ರಕ್ತ ಕಂಡಾಗಲೇ. ಮೀಸಲು ಬ್ಯಾಗುಗಳನ್ನು ಸ್ಕೂಟರಿನ ಡಿಕ್ಕಿಯಲ್ಲಿ ಇಡಬೇಡಿ. ಏಪ್ರಿಲ್ ಬಿಸಿಲಿಗೆ ಅಂಟು ಮೆತ್ತಗಾಗಿ ಹಾಳಾಗುತ್ತದೆ.

ಪ್ರಶ್ನೆ: ನಮ್ಮ ಯಜಮಾನರಿಗೆ ಬ್ಯಾಗ್ ಹಾಕಿ ಒಂದು ವರ್ಷ. ನಿಂತಾಗ ಸ್ಟೋಮಾದ ಪಕ್ಕ ನಿಂಬೆಹಣ್ಣಿನಷ್ಟು ಉಬ್ಬುತ್ತದೆ, ಮಲಗಿದರೆ ಇಳಿಯುತ್ತದೆ. ನಡೆಯುವುದನ್ನೇ ನಿಲ್ಲಿಸಿದ್ದಾರೆ. ಅಂಗಡಿಯಲ್ಲಿ ಬಾಣಂತಿ ಬೆಲ್ಟ್ ತಂದು ತೂತು ಮಾಡಿ ಕಟ್ಟಿದ್ದೇವೆ.
— ಶ್ರೀರಂಗಪಟ್ಟಣ

ಉತ್ತರ: ನೀವು ಹೇಳುವ ಲಕ್ಷಣ ಹರ್ನಿಯಾದ್ದೇ. ಸರ್ಜನ್ನರಿಗೆ ತೋರಿಸಿ. ಕಂಡ ಹರ್ನಿಯಾಗಳಿಗೆಲ್ಲ ಆಪರೇಷನ್ ಬೇಕಿಲ್ಲ. ಮಾಡಿದರೂ ಮರುಕಳಿಸುವುದುಂಟು, ಆದ್ದರಿಂದ ತೊಂದರೆ ಕೊಡದ ಸಣ್ಣ ಹರ್ನಿಯಾವನ್ನು ಕಾದು ನೋಡುವುದೇ ಹೆಚ್ಚು.

ನಡಿಗೆ ನಿಲ್ಲಿಸಿದ್ದು ತಪ್ಪು. ಕೂತು ಹೊಟ್ಟೆ ಬೆಳೆದರೆ ಹರ್ನಿಯಾವೂ ಬೆಳೆಯುತ್ತದೆ. ನಡೆಯಲಿ, ಮೊದಲ ಉತ್ತರದ ಮೂರು ವ್ಯಾಯಾಮ ಮಾಡಲಿ, 5 ಕೆ.ಜಿ. ಮೇಲೆ ಎತ್ತದಿರಲಿ. ಬೆಲ್ಟ್ ಮಾತ್ರ ಬದಲಿಸಿ. ಮನೆಯಲ್ಲಿ ಕತ್ತರಿಸಿದ ತೂತು ಹಿಗ್ಗಿ, ಉಬ್ಬು ಅದರೊಳಗಿಂದ ಹೊರಬರುತ್ತದೆ. ಹಿಗ್ಗದಿದ್ದರೆ ತೂತಿನ ಅಂಚು ಸ್ಟೋಮಾವನ್ನು ಹಿಸುಕುತ್ತದೆ. ಸ್ಟೋಮಾ ನರ್ಸ್ ಅಳತೆ ತೆಗೆದು ಹೇಳಿದ ಸಪೋರ್ಟ್ ಬೆಲ್ಟ್ ತರಿಸಿ, ಬ್ಯಾಗ್ ಖಾಲಿ ಮಾಡಿ, ಅಂಗಾತ ಮಲಗಿ, ಉಬ್ಬು ಒಳಗೆ ಹೋದ ಮೇಲೆ ಕಟ್ಟಬೇಕು. ನಿಂತು ಕಟ್ಟಿದರೆ ಹೊರಬಂದ ಕರುಳನ್ನು ಹೊರಗೇ ಬಿಗಿದಂತೆ. ರಾತ್ರಿ ಬಿಚ್ಚಿಡಿ.

ಉಬ್ಬು ಗಟ್ಟಿಯಾಗಿ, ನೋವಾಗಿ, ಮಲಗಿದರೂ ಒಳಗೆ ಹೋಗದಿದ್ದರೆ, ಕೆಂಪಗಿರಬೇಕಾದ ಸ್ಟೋಮಾ ನೇರಳೆಗೋ ಕಪ್ಪಿಗೋ ತಿರುಗಿದರೆ, ಅಥವಾ ಬ್ಯಾಗಿಗೆ ಏನೂ ಬಾರದೆ ಹೊಟ್ಟೆ ಹಿಂಡಿ ವಾಂತಿಯಾದರೆ, ಅದು ಬೆಳಗಾಗುವವರೆಗೆ ಕಾಯುವ ವಿಷಯವಲ್ಲ. ಆ ಹೊತ್ತಿಗೇ ಎಮರ್ಜೆನ್ಸಿಗೆ ಹೋಗಿ, ಏನನ್ನೂ ತಿನ್ನಿಸಬೇಡಿ, ಕುಡಿಸಬೇಡಿ.

ಪ್ರಶ್ನೆ: ಬ್ಯಾಗ್ ಇಟ್ಟುಕೊಂಡು ಈಜಬಹುದೇ?
— ಕುವೆಂಪುನಗರ, ಮೈಸೂರು

ಉತ್ತರ: ಈಜುಕೊಳದಲ್ಲಿ ಈಜಬಹುದು. ಗಾಯ ಪೂರ್ತಿ ಮಾಗಿರಬೇಕು, ಅಂದರೆ ಆರರಿಂದ ಎಂಟು ವಾರವಾದರೂ ಆಗಿರಬೇಕು. ಬ್ಯಾಗ್ ಹಾಕಿಕೊಂಡೇ ಇಳಿಯಿರಿ. ಗಾಳಿ ಹೋಗುವ ಫಿಲ್ಟರ್ ಒದ್ದೆಯಾದರೆ ಕೆಟ್ಟುಹೋಗುತ್ತದೆ, ಬ್ಯಾಗಿನ ಡಬ್ಬಿಯಲ್ಲಿ ಬರುವ ಪುಟ್ಟ ಸ್ಟಿಕ್ಕರ್ ಅದರ ಮೇಲೆ ಅಂಟಿಸಿ, ಮೇಲೆ ಬಂದಾಗ ತೆಗೆಯಿರಿ. ಮೊದಲ ಸಲ ಹೋಗುವ ಮುಂಚೆ ಮನೆಯಲ್ಲಿ ಬಕೆಟ್ ಸ್ನಾನವನ್ನು ಇಪ್ಪತ್ತು ನಿಮಿಷ ಎಳೆದು ಅಂಟು ನಿಲ್ಲುತ್ತದೆಯೇ ನೋಡಿದರೆ ಧೈರ್ಯ ಬರುತ್ತದೆ. ಕಾವೇರಿ, ನಾಲೆ, ಕೆರೆ ಬೇಡ.

ಪ್ರಶ್ನೆ: ತಂದೆಯವರಿಗೆ 70. ಮೂತ್ರಕೋಶ ತೆಗೆದು ಬ್ಯಾಗ್ ಹಾಕಿದ್ದಾರೆ. ವಾಕಿಂಗಿನಲ್ಲಿ ಬ್ಯಾಗ್ ತುಂಬುತ್ತದೆಂದು ಬೆಳಗ್ಗೆ ನೀರೇ ಕುಡಿಯುವುದಿಲ್ಲ.
— ಪಾಂಡವಪುರ

ಉತ್ತರ: ಕುಡಿಯಲೇಬೇಕು. ವೈದ್ಯರು ನೀರು ಮಿತಿಗೊಳಿಸಿಲ್ಲದಿದ್ದರೆ ದಿನಕ್ಕೆ ಎರಡು, ಎರಡೂವರೆ ಲೀಟರ್. ಮೂತ್ರ ದಪ್ಪವಾದರೆ ಸೋಂಕು, ಕಲ್ಲು ಎರಡಕ್ಕೂ ದಾರಿ. ಕೆಳಗೆ ನಲ್ಲಿ, ಒಳಗೆ ಹಿಮ್ಮುಖ ಹರಿಯದಂತೆ ಕವಾಟ ಇರುವ ಯುರೊಸ್ಟೊಮಿ ಬ್ಯಾಗೇ ಇರಲಿ. ಹೊರಡುವಾಗ ಖಾಲಿ ಮಾಡಲಿ, ದೂರ ಹೋಗುವುದಿದ್ದರೆ ತೊಡೆಗೆ ಕಟ್ಟುವ ಚೀಲ ಜೋಡಿಸಲಿ. ಮೂತ್ರದಲ್ಲಿ ಲೋಳೆ ಎಳೆ ಕಂಡರೆ ಗಾಬರಿ ಬೇಡ, ಮೂತ್ರ ಸಾಗಲು ಬಳಸಿರುವ ಕರುಳಿನ ತುಂಡಿನದು ಅದು. ಚಳಿ ಜ್ವರ, ಪಕ್ಕೆ ನೋವು ಬಂದರೆ ವಾಕಿಂಗ್ ಬಿಟ್ಟು ಆಸ್ಪತ್ರೆಗೆ.

ಪ್ರಶ್ನೆ: ತಾತ್ಕಾಲಿಕ ಬ್ಯಾಗ್ ಮುಚ್ಚಿಸಿ ಒಂದು ತಿಂಗಳಾಯಿತು. ವಾಸಿಯಾದರೆ ಚಾಮುಂಡಿ ಬೆಟ್ಟವನ್ನು ಮೆಟ್ಟಿಲಲ್ಲೇ ಹತ್ತಿಸುತ್ತೇನೆಂದು ಅಮ್ಮ ಹರಕೆ ಹೊತ್ತಿದ್ದಾರೆ. ಹತ್ತಬೇಕಾದವನು ನಾನು.
— ಜೆ.ಪಿ. ನಗರ, ಮೈಸೂರು

ಉತ್ತರ: ಸ್ಟೋಮಾ ಮುಚ್ಚಿದ ಜಾಗವೂ ಹೊಸ ಗಾಯವೇ, ಅಲ್ಲೂ ಹರ್ನಿಯಾ ಬರುತ್ತದೆ. ಭಾರದ ಲೆಕ್ಕ ಮತ್ತೆ ಮೊದಲಿನಿಂದ. ಸಾವಿರ ಮೆಟ್ಟಿಲಿಗೆ ಮೂರು ತಿಂಗಳು ತಡೆಯಿರಿ. ಅಷ್ಟರಲ್ಲಿ ಮನೆಯ ಮೆಟ್ಟಿಲನ್ನು ದಿನಕ್ಕೆ ಎರಡು ಸಲದಿಂದ ಹತ್ತು ಸಲಕ್ಕೆ ಏರಿಸಿ. ಗುದದ ಸ್ನಾಯು ತಿಂಗಳುಗಟ್ಟಲೆ ಕೆಲಸವಿಲ್ಲದೆ ಸೋತಿರುತ್ತದೆ. ಗಾಳಿ ತಡೆಯುವವರಂತೆ ಬಿಗಿಹಿಡಿದು ಐದು ಎಣಿಸಿ ಬಿಡುವುದನ್ನು ಹತ್ತು ಸಲ, ದಿನಕ್ಕೆ ಮೂರು ಹೊತ್ತು ಮಾಡಿ. ಇದನ್ನು ಮಾಡದೆ ಬೆಟ್ಟ ಹತ್ತಿದವರು ಅರ್ಧದಾರಿಯಲ್ಲಿ ಶೌಚಾಲಯ ಹುಡುಕುತ್ತಾರೆ. ಹತ್ತುವ ದಿನ ಬೆಳಕು ಹರಿಯುವಾಗಲೇ ಹೊರಟು, ನಂದಿಯ ಬಳಿ ಕೂತು ಸುಧಾರಿಸಿಕೊಳ್ಳಿ. ಅಲ್ಲಿಗೆ ರಸ್ತೆ ಇದೆ, ಆಗದಿದ್ದರೆ ಮುಂದಕ್ಕೆ ವಾಹನದಲ್ಲಿ ಹೋಗಬಹುದು. ಇಳಿಯುವಾಗಂತೂ ಬಸ್ಸಿನಲ್ಲೇ ಇಳಿಯಿರಿ. ಹರಕೆ ಇರುವುದು ಹತ್ತುವುದಕ್ಕಷ್ಟೇ ತಾನೇ.